ಜಾವಾದಲ್ಲಿ ಪಟ್ಟಿಗಳ ವಿಂಗಡಣೆ ಮತ್ತು ತಿರುವುಮುರುವು

ಪಟ್ಟಿಯಲ್ಲಿರುವ ಅಂಶಗಳನ್ನು ಗೊತ್ತುಪಡಿಸಿದ ಒಂದು ಕ್ರಮಕ್ಕೆ ತರುವುದು ವಿಂಗಡಣೆ. ಇರುವ ಕ್ರಮವನ್ನು ಕೊನೆಯಿಂದ ಮೊದಲಿಗೆ ಹಾಗೆಯೇ ತಿರುಗಿಸುವುದು ತಿರುವುಮುರುವು. ಜಾವಾ ಭಾಷೆಯಲ್ಲಿ ಇವೆರಡೂ ಒಂದೊಂದು ಸಾಲಿನಲ್ಲಿ ಮುಗಿಯುವ ಕೆಲಸಗಳು: ಮೊದಲನೆಯದಕ್ಕೆ ಕಲೆಕ್ಷನ್ಸ್ ವರ್ಗದ ಸಾರ್ಟ್, ಎರಡನೆಯದಕ್ಕೆ ಅದೇ ವರ್ಗದ ರಿವರ್ಸ್. ಕೆಲಸ ಇಷ್ಟು ಸುಲಭವಾಗಿರುವುದರಿಂದಲೇ ಒಂದು ಪ್ರಶ್ನೆ ಮರೆಯಾಗಿಬಿಡುತ್ತದೆ. ಯಾವ ಕ್ರಮ ಸರಿ ಎಂಬುದನ್ನು ಯಾರು ತೀರ್ಮಾನಿಸಿದರು? ಪಟ್ಟಿಯಲ್ಲಿ ಕನ್ನಡದ ಹೆಸರುಗಳಿದ್ದರೆ ಈ ಪ್ರಶ್ನೆಗೆ ಪ್ರೋಗ್ರಾಮ್ ಬರೆಯುವವರೇ ಉತ್ತರ ಕೊಡಬೇಕಾಗುತ್ತದೆ.

ಬೆಳಗಾವಿ ಜಿಲ್ಲೆಯ 15 ತಾಲ್ಲೂಕುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಕನ್ನಡದ ಅಕಾರಾದಿಯಲ್ಲಿ ಅವು ಹೀಗೆ ಬರುತ್ತವೆ: ಅಥಣಿ, ಕಾಗವಾಡ, ಕಿತ್ತೂರು, ಖಾನಾಪುರ, ಗೋಕಾಕ, ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿ, ಬೈಲಹೊಂಗಲ, ಮೂಡಲಗಿ, ಯರಗಟ್ಟಿ, ರಾಮದುರ್ಗ, ರಾಯಬಾಗ, ಸವದತ್ತಿ, ಹುಕ್ಕೇರಿ. ಇದೇ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವಿಂಗಡಿಸಿದರೆ ಗೋಕಾಕ ಐದನೆಯ ಸ್ಥಾನದಲ್ಲೂ ಮೂಡಲಗಿ ಹತ್ತನೆಯ ಸ್ಥಾನದಲ್ಲೂ ಅಲುಗದೆ ನಿಲ್ಲುತ್ತವೆ. ಹುಕ್ಕೇರಿ ಮಾತ್ರ ಹದಿನೈದನೆಯ ಸ್ಥಾನದಿಂದ ಆರನೆಯದಕ್ಕೆ ಜಿಗಿದು ಗೋಕಾಕದ ಬೆನ್ನಿಗೇ ಬರುತ್ತದೆ. ಬೈಲಹೊಂಗಲವು ಬೆಳಗಾವಿಯನ್ನು ದಾಟಿ ಮೇಲೇರುತ್ತದೆ. ಇಂಗ್ಲಿಷ್ ಕ್ರಮದಲ್ಲಿ ಸಿದ್ಧವಾದ ಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ಮುದ್ರಿಸಿದರೆ ಕನ್ನಡ ಓದುಗರು ಹುಕ್ಕೇರಿಯನ್ನು ಪಟ್ಟಿಯ ಕೊನೆಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳುತ್ತಾರೆ. ಇಂತಹ ಪಟ್ಟಿಗಳು ಇಂದಿಗೂ ಧಾರಾಳವಾಗಿ ಕಣ್ಣಿಗೆ ಬೀಳುತ್ತವೆ. ಅವನ್ನು ಸರಿಪಡಿಸಲು ಬೇಕಾಗುವುದು ಹೆಚ್ಚೆಂದರೆ ಎರಡು ಮೂರು ಸಾಲು.

ಹಿನ್ನೆಲೆ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಜಾವಾ 1995ರಲ್ಲಿ ಹೊರಬಂತು. ಆಗ ಅದರ ಗ್ರಂಥಾಲಯದಲ್ಲಿ ವೆಕ್ಟರ್, ಹ್ಯಾಶ್‌ಟೇಬಲ್‌ನಂತಹ ಕೆಲವು ಸಂಗ್ರಹಗಳಿದ್ದವು, ವಿಂಗಡಿಸುವ ಸೌಕರ್ಯ ಇರಲಿಲ್ಲ. ಬೇಕಾದವರು ತಾವೇ ಬರೆದುಕೊಳ್ಳುತ್ತಿದ್ದರು. 1998ರ ಡಿಸೆಂಬರಿನಲ್ಲಿ ಬಂದ 1.2ನೆಯ ಆವೃತ್ತಿ ಜೋಶುವಾ ಬ್ಲಾಕ್ ಅವರ ಮುಂದಾಳತ್ವದಲ್ಲಿ ವಿನ್ಯಾಸಗೊಂಡ ಕಲೆಕ್ಷನ್ಸ್ ಚೌಕಟ್ಟನ್ನು ತಂದಿತು. ಲಿಸ್ಟ್ ಎಂಬ ಇಂಟರ್ಫೇಸ್, ಅದರ ಎರಡು ಮುಖ್ಯ ರೂಪಗಳಾದ ಅರೇಲಿಸ್ಟ್ ಮತ್ತು ಲಿಂಕ್ಡ್‌ಲಿಸ್ಟ್, ಜೊತೆಗೆ ಸಾರ್ಟ್, ರಿವರ್ಸ್, ರಿವರ್ಸ್‌ಆರ್ಡರ್ ಮೆಥಡ್‌ಗಳು ಅಂದಿನಿಂದ ಇವೆ.

2014ರ ಮಾರ್ಚ್‌ನಲ್ಲಿ ಬಂದ ಜಾವಾ 8 ಬರವಣಿಗೆಯ ರೀತಿಯನ್ನೇ ಬದಲಿಸಿತು. ಸಾರ್ಟ್ ಈಗ ಪಟ್ಟಿಯ ಮೇಲೆಯೇ ಕರೆಯಬಹುದಾದ ಮೆಥಡ್ ಆಯಿತು. ಎರಡು ಅಂಶಗಳನ್ನು ಹೋಲಿಸಿ ಕ್ರಮ ಹೇಳುವ ಕಂಪ್ಯಾರೇಟರ್‌ಗೆ ಕಂಪೇರಿಂಗ್, ದೆನ್‌ಕಂಪೇರಿಂಗ್, ರಿವರ್ಸ್ಡ್, ನಲ್ಸ್‌ಲಾಸ್ಟ್ ಸೇರಿಕೊಂಡವು. "ಮೊದಲು ತಾಲ್ಲೂಕು, ಆಮೇಲೆ ಊರು" ಎಂಬ ಕ್ರಮವನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆಯಲು ಅಂದಿನಿಂದ ಸಾಧ್ಯವಾಯಿತು. 2023ರ ಸೆಪ್ಟೆಂಬರಿನ ಜಾವಾ 21 ಪಟ್ಟಿಗೇ ರಿವರ್ಸ್ಡ್ ಎಂಬ ಮೆಥಡ್ ಕೊಟ್ಟಿತು. ಇದರ ವಿಷಯ ಮುಂದೆ ಬರುತ್ತದೆ.

ಹೋಲಿಕೆಯ ನಿಯಮ

ಎರಡು ಅಂಶಗಳಲ್ಲಿ ಯಾವುದು ಮೊದಲು ಎಂದು ಹೇಳಬಲ್ಲವರು ಇಲ್ಲದೆ ವಿಂಗಡಣೆ ನಡೆಯದು. ಜಾವಾದಲ್ಲಿ ಈ ತೀರ್ಪನ್ನು ಎರಡು ಕಡೆಯಿಂದ ಪಡೆಯಬಹುದು. ಅಂಶವೇ ತನ್ನ ಸಹಜ ಕ್ರಮವನ್ನು ತಿಳಿದಿದ್ದರೆ ಅದು ಕಂಪೇರಬಲ್. ಸಂಖ್ಯೆಗಳು, ದಿನಾಂಕಗಳು, ಪಠ್ಯದ ಸ್ಟ್ರಿಂಗ್‌ಗಳು ಈ ಬಗೆಯವು. ಹೊರಗಿನಿಂದ ಕೊಡುವ ತೀರ್ಪುಗಾರ ಕಂಪ್ಯಾರೇಟರ್. ಎರಡು ಅಂಶ ಕೊಟ್ಟರೆ ಋಣ ಸಂಖ್ಯೆ, ಸೊನ್ನೆ ಅಥವಾ ಧನ ಸಂಖ್ಯೆಯನ್ನು ಅದು ಹಿಂದಿರುಗಿಸುತ್ತದೆ.

ಈ ತೀರ್ಪು ತನ್ನೊಳಗೇ ವಿರೋಧವಿಲ್ಲದೆ ಇರಬೇಕು. ಗೋಕಾಕ ಮೂಡಲಗಿಗಿಂತ ಮೊದಲು, ಮೂಡಲಗಿ ಹುಕ್ಕೇರಿಗಿಂತ ಮೊದಲು ಎಂದ ಮೇಲೆ ಗೋಕಾಕ ಹುಕ್ಕೇರಿಗಿಂತ ಮೊದಲೇ ಬರಬೇಕು. ಇದನ್ನು ಮುರಿಯುವ ಕಂಪ್ಯಾರೇಟರ್ ಸಿಕ್ಕಿಬಿದ್ದರೆ, ಹೋಲಿಕೆಯ ಮೆಥಡ್ ಒಪ್ಪಂದವನ್ನು ಮೀರಿದೆ ಎಂಬ ದೂರಿನೊಂದಿಗೆ ಪ್ರೋಗ್ರಾಮ್ ನಿಂತುಹೋಗುತ್ತದೆ. ಆದರೆ ಪ್ರತಿ ಸಲವೂ ಸಿಕ್ಕಿಬೀಳುತ್ತದೆ ಎನ್ನುವಂತಿಲ್ಲ. ಚಿಕ್ಕ ಪಟ್ಟಿಗಳಲ್ಲಿ ತಪ್ಪು ಕ್ರಮ ಸದ್ದಿಲ್ಲದೆ ಹೊರಬರುತ್ತದೆ. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದು ಉತ್ತರವನ್ನೇ ತೀರ್ಪಾಗಿ ಕೊಡುವ ಹಳೆಯ ಅಭ್ಯಾಸ ಇಂತಹ ತಪ್ಪಿಗೆ ನೇರ ದಾರಿ, ಏಕೆಂದರೆ ಬಹು ದೊಡ್ಡ ಮತ್ತು ಬಹು ಚಿಕ್ಕ ಸಂಖ್ಯೆಗಳ ನಡುವಿನ ವ್ಯತ್ಯಾಸ ಇಂಟ್ ಮಿತಿಯನ್ನು ದಾಟಿ ಚಿಹ್ನೆ ಬದಲಿಸಿಬಿಡುತ್ತದೆ. ಇಂಟಿಜರ್ ವರ್ಗದ ಕಂಪೇರ್ ಇರುವಾಗ ಕಳೆಯುವ ಅಗತ್ಯವೇ ಇಲ್ಲ.

ಒಳಗಿನ ಕ್ರಮವಿಧಿ

ಕಲೆಕ್ಷನ್ಸ್ ಬಂದ ಮೊದಲ ವರ್ಷಗಳಲ್ಲಿ ಜಾವಾ ಆಬ್ಜೆಕ್ಟ್‌ಗಳನ್ನು ಮರ್ಜ್ ಸಾರ್ಟ್ ವಿಧಾನದಿಂದ ವಿಂಗಡಿಸುತ್ತಿತ್ತು: ಪಟ್ಟಿಯನ್ನು ಅರ್ಧರ್ಧ ಒಡೆದು, ಪ್ರತಿ ಅರ್ಧವನ್ನು ವಿಂಗಡಿಸಿ, ಮತ್ತೆ ಬೆಸೆಯುವುದು. ಜಾನ್ ವಾನ್ ನ್ಯೂಮನ್ 1945ರಲ್ಲಿ ಯೋಚಿಸಿದ ವಿಧಾನವಿದು. 2011ರ ಜಾವಾ 7ರಿಂದ ಆ ಜಾಗಕ್ಕೆ ಟಿಮ್‌ಸಾರ್ಟ್ ಬಂದಿದೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಭಾಷೆಗಾಗಿ ಬರೆದದ್ದನ್ನು ಬ್ಲಾಕ್ ಜಾವಾಕ್ಕೆ ಇಳಿಸಿದರು. ಬರಿಯ ಸಂಖ್ಯೆಗಳ ಅರೇಗಳಿಗೆ ವ್ಲಾದಿಮಿರ್ ಯಾರೊಸ್ಲಾವ್‌ಸ್ಕಿ ಅವರ ಎರಡು ಕೀಲಕಗಳ ಕ್ವಿಕ್‌ಸಾರ್ಟ್ ಬಳಕೆಯಾಗುತ್ತದೆ. ಸಮಾನ ಸಂಖ್ಯೆಗಳಲ್ಲಿ ಯಾವುದು ಮೊದಲಿತ್ತು ಎಂಬುದು ಅಲ್ಲಿ ಮುಖ್ಯವಲ್ಲ.

ಟಿಮ್‌ಸಾರ್ಟ್‌ನ ಜಾಣತನವಿರುವುದು ಪಟ್ಟಿಯಲ್ಲಿ ಆಗಲೇ ಇರುವ ಕ್ರಮವನ್ನು ಗುರುತಿಸುವುದರಲ್ಲಿ. ನಿಜಜೀವನದ ಪಟ್ಟಿಗಳು ಪೂರ್ತಿ ಕಲಸಿಹೋಗಿರುವುದು ಅಪರೂಪ. ಹಳೆಯ ವಿಂಗಡಿತ ಪಟ್ಟಿಯ ಕೊನೆಗೆ ನಾಲ್ಕು ಹೊಸ ಹೆಸರು ಸೇರಿರುತ್ತವೆ, ಅಷ್ಟೆ. ಟಿಮ್‌ಸಾರ್ಟ್ ಏರುಕ್ರಮದ ತುಣುಕುಗಳನ್ನು ಹುಡುಕಿಕೊಂಡು ಅವನ್ನು ಬೆಸೆಯುತ್ತದೆ. ಇಳಿಕ್ರಮದ ತುಣುಕು ಸಿಕ್ಕರೆ ಅದನ್ನು ಇದ್ದಲ್ಲೇ ತಿರುವುಮುರುವು ಮಾಡಿ ಏರುಕ್ರಮವಾಗಿಸುತ್ತದೆ, ಅಂದರೆ ವಿಂಗಡಣೆಯ ಹೊಟ್ಟೆಯಲ್ಲೇ ರಿವರ್ಸ್ ಕೂಡ ಇದೆ. ಒಂದು ಸಾವಿರ ಹೆಸರುಗಳು ಸರಿಯಾದ ಕ್ರಮದಲ್ಲೇ ಇದ್ದರೆ, ಇಲ್ಲವೇ ಪೂರ್ತಿ ತಲೆಕೆಳಗಾಗಿದ್ದರೆ, 999 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಕಲಸಿಹೋದ ಪಟ್ಟಿಗೆ ಸುಮಾರು ಅದರ ಒಂಬತ್ತು ಹತ್ತು ಪಟ್ಟು ಬೇಕು.

32ಕ್ಕಿಂತ ಕಡಿಮೆ ಅಂಶಗಳಿದ್ದರೆ ಬೆಸೆಯುವ ಗೋಜಿಗೇ ಹೋಗುವುದಿಲ್ಲ. ನಮ್ಮ 15 ತಾಲ್ಲೂಕುಗಳ ಕನ್ನಡ ಹೆಸರುಗಳು ಇಂಗ್ಲಿಷ್ ಕ್ರಮದಲ್ಲಿ ಬಂದಿವೆ ಎಂದುಕೊಳ್ಳಿ. ಅಥಣಿ, ಬೈಲಹೊಂಗಲ ಏರುಕ್ರಮದಲ್ಲಿವೆ. ಮೂರನೆಯದಾದ ಬೆಳಗಾವಿಯಲ್ಲಿ ಓಟ ಮುರಿಯುತ್ತದೆ. ಉಳಿದ 13 ಹೆಸರುಗಳನ್ನು ಒಂದೊಂದಾಗಿ ಎತ್ತಿ, ಅರ್ಧಿಸುತ್ತ ಹುಡುಕಿ, ತಕ್ಕ ಜಾಗದಲ್ಲಿ ತೂರಿಸಲಾಗುತ್ತದೆ.

ಇಷ್ಟು ಬಳಕೆಯ ಕೋಡ್‌ನಲ್ಲೂ ದೋಷ ಅಡಗಿತ್ತು. ನೆದರ್ಲೆಂಡ್ಸ್‌ನ ಸಿಡಬ್ಲ್ಯೂಐ ಸಂಸ್ಥೆಯ ಸ್ಟೈನ್ ಡಿ ಗೌ ಮತ್ತು ಜೊತೆಗಾರರು 2015ರಲ್ಲಿ ಕೀ ಎಂಬ ತರ್ಕಸಾಧನದಿಂದ ಟಿಮ್‌ಸಾರ್ಟ್ ಸರಿ ಎಂದು ಸಾಧಿಸಲು ಹೊರಟಾಗ, ಬಹು ದೊಡ್ಡ ಅರೇಗಳಲ್ಲಿ ಅದು ಕುಸಿಯಬಲ್ಲದು ಎಂದು ತಿಳಿದುಬಂತು. ಪರೀಕ್ಷೆಗಳು ವರ್ಷಗಟ್ಟಲೆ ಹಿಡಿಯದ ತಪ್ಪನ್ನು ಗಣಿತದ ಸಾಧನೆ ಹಿಡಿದ ಈ ಪ್ರಸಂಗ ಗಣಕ ವಿಜ್ಞಾನದ ಪ್ರತಿ ವಿದ್ಯಾರ್ಥಿಗೂ ತಿಳಿದಿರಬೇಕು.

ತಿರುಗಿಸುವುದೂ ಇಳಿಕ್ರಮವೂ ಒಂದಲ್ಲ

ಕಲೆಕ್ಷನ್ಸ್ ವರ್ಗದ ರಿವರ್ಸ್ ಮಾಡುವುದು ಸರಳ ಕೆಲಸ: ಮೊದಲನೆಯದನ್ನು ಕೊನೆಯದರೊಂದಿಗೆ, ಎರಡನೆಯದನ್ನು ಕೊನೆಯಿಂದ ಎರಡನೆಯದರೊಂದಿಗೆ ಅದಲುಬದಲು ಮಾಡುತ್ತ ನಡುವಿಗೆ ಬರುವುದು. ತಾಲ್ಲೂಕುಗಳ ಕನ್ನಡ ಪಟ್ಟಿಯಲ್ಲಿ ಏಳು ಅದಲುಬದಲು ನಡೆಯುತ್ತವೆ. ಅಥಣಿ ಮತ್ತು ಹುಕ್ಕೇರಿ, ಗೋಕಾಕ ಮತ್ತು ಯರಗಟ್ಟಿ, ಚಿಕ್ಕೋಡಿ ಮತ್ತು ಮೂಡಲಗಿ ಜಾಗ ಬದಲಿಸಿಕೊಳ್ಳುತ್ತವೆ. ಎಂಟನೆಯದಾದ ಬೆಳಗಾವಿ ಕದಲುವುದಿಲ್ಲ. ಅರೇಲಿಸ್ಟ್‌ನಲ್ಲಿ ಯಾವ ಜಾಗಕ್ಕಾದರೂ ನೇರವಾಗಿ ಹೋಗಬಹುದಾದ್ದರಿಂದ ಇದು ಸಲೀಸು. ಲಿಂಕ್ಡ್‌ಲಿಸ್ಟ್‌ನಲ್ಲಿ 18 ಅಥವಾ ಅದಕ್ಕೂ ಹೆಚ್ಚು ಅಂಶಗಳಿದ್ದರೆ ಎರಡೂ ತುದಿಗಳಿಂದ ಒಂದೊಂದು ಇಟರೇಟರ್ ಹೊರಟು ನಡುವೆ ಭೇಟಿಯಾಗುತ್ತವೆ.

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿ. "ಇಳಿಕ್ರಮ ಬೇಕು" ಎಂದಾಗ ಮೊದಲು ವಿಂಗಡಿಸಿ ಆಮೇಲೆ ರಿವರ್ಸ್ ಕರೆಯುವುದು ಎಷ್ಟೋ ಜನರ ರೂಢಿ. ಪಟ್ಟಿಯಲ್ಲಿ ಸಮಾನ ಅಂಶಗಳಿಲ್ಲದಿದ್ದರೆ ತೊಂದರೆಯಿಲ್ಲ. ಈಗ ಊರುಗಳ ಪಟ್ಟಿಯೊಂದನ್ನು ತೆಗೆದುಕೊಳ್ಳೋಣ: ಗೋಕಾಕ ತಾಲ್ಲೂಕಿನ ಕೊಣ್ಣೂರ ಮತ್ತು ಘಟಪ್ರಭಾ, ಮೂಡಲಗಿ ತಾಲ್ಲೂಕಿನ ಕಲ್ಲೋಳಿ ಮತ್ತು ನಾಗನೂರ, ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ಮತ್ತು ಸಂಕೇಶ್ವರ. ಪ್ರತಿ ತಾಲ್ಲೂಕಿನೊಳಗೂ ಊರುಗಳು ಅಕಾರಾದಿಯಲ್ಲಿವೆ. ತಾಲ್ಲೂಕುಗಳು ಮಾತ್ರ ಇಳಿಕ್ರಮದಲ್ಲಿ ಬರಬೇಕೆಂದು ರಿವರ್ಸ್ ಕರೆದರೆ ಸಂಕೇಶ್ವರ, ನಿಡಸೋಸಿ, ನಾಗನೂರ, ಕಲ್ಲೋಳಿ, ಘಟಪ್ರಭಾ, ಕೊಣ್ಣೂರ ಎಂದಾಗಿ ಊರುಗಳೂ ತಲೆಕೆಳಗಾಗುತ್ತವೆ. ಕಂಪ್ಯಾರೇಟರ್‌ನ ರಿವರ್ಸ್ಡ್ ಬಳಸಿ ತಾಲ್ಲೂಕಿನ ಮೇಲೆ ವಿಂಗಡಿಸಿದರೆ ನಿಡಸೋಸಿ, ಸಂಕೇಶ್ವರ, ಕಲ್ಲೋಳಿ, ನಾಗನೂರ, ಕೊಣ್ಣೂರ, ಘಟಪ್ರಭಾ ಎಂದು ಬರುತ್ತವೆ. ಸಮಾನ ಎಂದು ತೀರ್ಪಾದ ಅಂಶಗಳ ಹಳೆಯ ಕ್ರಮವನ್ನು ಕೆಡಿಸದಿರುವ ಈ ಗುಣಕ್ಕೆ ಸ್ಥಿರತೆ ಎನ್ನುತ್ತಾರೆ. ಜಾವಾ ಪಟ್ಟಿಗಳ ವಿಂಗಡಣೆ ಮೊದಲಿನಿಂದಲೂ ಸ್ಥಿರ.

ಜಾವಾ 21ರ ರಿವರ್ಸ್ಡ್ ಇವೆರಡಕ್ಕೂ ಸೇರದ್ದು. ಅದು ಪಟ್ಟಿಯನ್ನು ಮುಟ್ಟುವುದಿಲ್ಲ, ಹೊಸ ಪ್ರತಿಯನ್ನೂ ಮಾಡುವುದಿಲ್ಲ. ಇರುವ ಪಟ್ಟಿಯನ್ನೇ ಹಿಂದಿನಿಂದ ನೋಡುವ ಒಂದು ನೋಟವನ್ನು ಕೊಡುತ್ತದೆ. ಆ ನೋಟದಲ್ಲಿ ಮೊದಲ ಹೆಸರನ್ನು ಬದಲಿಸಿದರೆ ಮೂಲಪಟ್ಟಿಯ ಕೊನೆಯ ಹೆಸರು ಬದಲಾಗುತ್ತದೆ. ಇನ್ನು ಜಾವಾ 9ರಿಂದ ಬಂದಿರುವ ಲಿಸ್ಟ್.ಆಫ್ ಕೊಡುವ ಪಟ್ಟಿಗಳು ಬದಲಾಗದಂಥವು. ಅವುಗಳ ಮೇಲೆ ಸಾರ್ಟ್ ಕರೆದರೆ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತದೆ. ಅಂಥ ಕಡೆ ಅರೇಲಿಸ್ಟ್‌ಗೆ ನಕಲು ಮಾಡಿಕೊಳ್ಳಬೇಕು, ಇಲ್ಲವೇ ಸ್ಟ್ರೀಮ್ ತೆರೆದು ಸಾರ್ಟೆಡ್ ಬಳಸಬೇಕು.

ಕನ್ನಡದ ಅಕಾರಾದಿ

ಸ್ಟ್ರಿಂಗ್‌ನ ಸಹಜ ಕ್ರಮ ಅಕ್ಷರಗಳ ಯೂನಿಕೋಡ್ ಸಂಖ್ಯೆಗಳ ಕ್ರಮ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟಿರುವುದು 3200ರಿಂದ 3327ರ ವರೆಗಿನ ಸಂಖ್ಯೆಗಳು. ಅನುಸ್ವಾರಕ್ಕೆ 3202, 'ಅ'ಗೆ 3205, 'ಗ'ಗೆ 3223, 'ಮ'ಗೆ 3246, 'ಹ'ಗೆ 3257. ಗುಣಿತದ ಚಿಹ್ನೆಗಳು 3262ರಿಂದ ಶುರುವಾಗುತ್ತವೆ. ವ್ಯಂಜನದ ಸ್ವರವನ್ನು ಕಳೆಯುವ ಹಲಂತಕ್ಕೆ 3277. ಈ ಜೋಡಣೆ ಕನ್ನಡ ನಿಘಂಟಿನ ಕ್ರಮಕ್ಕೆ ತುಂಬಾ ಹತ್ತಿರ. 'ಕಂ' ಮೊದಲು, ಆಮೇಲೆ 'ಕಕ', ಆಮೇಲೆ 'ಕಾ', 'ಕಿ', 'ಕೌ', ಕಡೆಗೆ 'ಕ್ರ' ಎಂದೇ ನಿಘಂಟುಗಳಲ್ಲೂ ಬರುತ್ತದೆ. ಆದ್ದರಿಂದ 15 ತಾಲ್ಲೂಕುಗಳ ಕನ್ನಡ ಪಟ್ಟಿಯನ್ನು ಏನೂ ಯೋಚಿಸದೆ ವಿಂಗಡಿಸಿದರೂ ಸರಿಯಾದ ಉತ್ತರವೇ ಸಿಗುತ್ತದೆ.

ಆ ಸರಿಯುತ್ತರವೇ ಅಪಾಯಕಾರಿ. ನಮ್ಮ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದ ಮೇಲೆ. ಯೂನಿಕೋಡ್ ಅದಕ್ಕೆ ಕೊಟ್ಟಿರುವ ಸಂಖ್ಯೆ 3251; ಅಂದರೆ 'ಲ' ಮತ್ತು 'ವ' ನಡುವೆ. ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಲ್ಲಿ 'ಳ' ಇರುವುದು ಬೆಳಗಾವಿಯಲ್ಲಿ ಮಾತ್ರ, ಅದರೊಂದಿಗೆ ಜಾಗಕ್ಕೆ ಪೈಪೋಟಿ ಮಾಡುವ ಹೆಸರು ಪಟ್ಟಿಯಲ್ಲಿಲ್ಲ. ಜಿಲ್ಲೆಯ ಪಟ್ಟಿಯ ಮೇಲೆ ಪರೀಕ್ಷಿಸಿದ ಪ್ರೋಗ್ರಾಮನ್ನು ಇಡೀ ರಾಜ್ಯಕ್ಕೆ ಓಡಿಸಿದಾಗ ತಪ್ಪು ಬಯಲಾಗುತ್ತದೆ. ಬಸವಕಲ್ಯಾಣ, ಬಸವನಬಾಗೇವಾಡಿ, ಬಳ್ಳಾರಿ ಎಂಬುದು ಕನ್ನಡದ ಕ್ರಮ. ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಬಳ್ಳಾರಿ ಮೂರರಲ್ಲೂ ಮುಂದೆ ನಿಲ್ಲುತ್ತದೆ. ಹಳಗನ್ನಡ ಶಾಸನಗಳ ಪದಪಟ್ಟಿ ಮಾಡುವವರಿಗೆ ತೊಂದರೆ ಇನ್ನೂ ದೊಡ್ಡದು: 'ೞ'ಗೆ 3294, ಹಲಂತಕ್ಕಿಂತಲೂ ಆಚೆ.

ಸರಿಯಾದ ದಾರಿ ಕೊಲೇಟರ್. ಇದು ಒಂದು ಭಾಷೆಯ ಅಕ್ಷರಕ್ರಮವನ್ನು ಬಲ್ಲ ಕಂಪ್ಯಾರೇಟರ್, 1.1ನೆಯ ಆವೃತ್ತಿಯಿಂದಲೂ ಜಾವಾದಲ್ಲಿದೆ. ಕನ್ನಡದ ಮಟ್ಟಿಗೆ ಐಸಿಯು ಫಾರ್ ಜಾವಾ ಎಂಬ ಮುಕ್ತ ಗ್ರಂಥಾಲಯದ ಕೊಲೇಟರನ್ನು ಆರಿಸಿಕೊಳ್ಳುವುದು ಮೇಲು. ಅದು ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ದತ್ತಾಂಶವನ್ನು ಬಳಸುತ್ತದೆ. ಅಲ್ಲಿ 'ಳ' 'ಹ'ದ ನಂತರ ಬರುತ್ತದೆ, ಅನುಸ್ವಾರ ವಿಸರ್ಗಗಳು 'ಔ' ಆದ ಮೇಲೆ ನಿಲ್ಲುತ್ತವೆ. ಹೆಚ್ಚುವರಿ ಗ್ರಂಥಾಲಯ ಬೇಡ ಎನ್ನುವವರು ಜಾವಾದ ರೂಲ್‌ಬೇಸ್ಡ್‌ಕೊಲೇಟರ್‌ಗೆ ವರ್ಣಮಾಲೆಯನ್ನು ತಾವೇ ಬರೆದುಕೊಡಬಹುದು. ಸಾವಿರಾರು ಹೆಸರುಗಳಿದ್ದಾಗ ಪ್ರತಿ ಹೆಸರಿಗೂ ಕೊಲೇಷನ್‌ಕೀ ಒಂದನ್ನು ಮೊದಲೇ ಲೆಕ್ಕಹಾಕಿಟ್ಟುಕೊಂಡರೆ ಅದೇ ಹೆಸರನ್ನು ಮತ್ತೆ ಮತ್ತೆ ಬಿಡಿಸುವ ಶ್ರಮ ತಪ್ಪುತ್ತದೆ.

ವಿಂಗಡಣೆಗೆ ಮುಂಚೆ ಪಠ್ಯವನ್ನು ಹಸನು ಮಾಡುವ ಕೆಲಸವೂ ಇದೆ. 'ಗೋಕಾಕ'ದ ಓಕಾರ ಒಂದೇ ಚಿಹ್ನೆಯಾಗಿರಬಹುದು, ಬಿಡಿ ಚಿಹ್ನೆಗಳ ಜೋಡಣೆಯೂ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ, ಜಾವಾದ ಈಕ್ವಲ್ಸ್‌ಗೆ ಬೇರೆ ಬೇರೆ. 'ಹುಕ್ಕೇರಿ'ಯ ಏಕಾರವೂ ಹಾಗೆಯೇ. ನಾರ್ಮಲೈಸರ್ ಬಳಸಿ ಒಂದೇ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಬರಹದ ಭೇದಗಳು ಮಾತ್ರ ಯಂತ್ರಕ್ಕೆ ಬಗೆಹರಿಯವು. ಒಂದೇ ಪಟ್ಟಿಯಲ್ಲಿ ಕೆಲವರು 'ಗೋಕಾಕ', ಕೆಲವರು 'ಗೋಕಾಕ್' ಎಂದು ಬರೆದಿದ್ದರೆ, ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ 'ಗೋಕಾಕ ಫಾಲ್ಸ್' ಅವೆರಡರ ನಡುವೆ ಬಂದು ಒಂದೇ ಊರನ್ನು ಎರಡಾಗಿ ಒಡೆಯುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಟ್ಟಿಗಳಲ್ಲಂತೂ ಕಡತದೊಳಗಿರುವುದು ಕನ್ನಡ ಅಕ್ಷರವಲ್ಲ, ಅಕ್ಷರದ ಆಕಾರಗಳ ಸಂಕೇತ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ವಿಂಗಡಿಸಿದ ಫಲಕ್ಕೆ ಅರ್ಥವಿಲ್ಲ.

ಹೆಸರನ್ನೇ ತಿರುಗಿಸಿದರೆ

ಪಟ್ಟಿಯನ್ನಲ್ಲದೆ ಪದವನ್ನೇ ತಿರುಗಿಸುವ ಸೌಕರ್ಯ ಸ್ಟ್ರಿಂಗ್‌ಬಿಲ್ಡರ್‌ನಲ್ಲಿದೆ. ಇಂಗ್ಲಿಷ್‌ಗೆ ಸಾಕಾಗುವ ಈ ರಿವರ್ಸ್ ಕನ್ನಡದಲ್ಲಿ ಅಕ್ಷರವನ್ನು ಒಡೆಯುತ್ತದೆ. 'ಗೋಕಾಕ'ವನ್ನು ಅಕ್ಷರ ಅಕ್ಷರವಾಗಿ ತಿರುಗಿಸಿದರೆ 'ಕಕಾಗೋ' ಬರಬೇಕು. ಬರುವುದು 'ಕಾಕೋಗ', ಏಕೆಂದರೆ ಗುಣಿತದ ಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಪಕ್ಕದ್ದಕ್ಕೆ ಅಂಟಿಕೊಳ್ಳುತ್ತವೆ. 'ರಾಮದುರ್ಗ' 'ಗ್ರುದಮಾರ' ಆಗಿ ಅರ್ಕಾವತ್ತು ರಾವತ್ತಾಗುತ್ತದೆ. 'ಮೂಡಲಗಿ', 'ಹುಕ್ಕೇರಿ' ಎರಡೂ ಇಕಾರಾಂತಗಳಾದ್ದರಿಂದ ತಿರುಗಿಸಿದ ಪದ ಆಸರೆಯಿಲ್ಲದ ಗುಡಿಸಿನಿಂದ ಶುರುವಾಗಿ ಪರದೆಯ ಮೇಲೆ ಚುಕ್ಕಿವೃತ್ತ ಮೂಡುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳಲ್ಲಿ ಜಾವಾ 9ರಿಂದ ಇರುವ ಅಕ್ಷರಗುಚ್ಛದ ಗುರುತು ಗುಣಿತವನ್ನು ವ್ಯಂಜನದೊಂದಿಗೆ ಹಿಡಿದಿಡುತ್ತದೆ. 'ಕ್ಕೇ'ಯಂತಹ ಒತ್ತಕ್ಷರ ಒಡೆಯದಿರಬೇಕಾದರೆ ಹಲಂತದ ನಂತರದ ವ್ಯಂಜನವನ್ನೂ ಸೇರಿಸಿಕೊಳ್ಳುವ ನಿಯಮವನ್ನು ಬರೆದುಕೊಳ್ಳಬೇಕು. ಹಾಗೆ ಅಕ್ಷರಗಳ ಪಟ್ಟಿಯೊಂದನ್ನು ಮಾಡಿಕೊಂಡು ಅದರ ಮೇಲೆ ಕಲೆಕ್ಷನ್ಸ್‌ನ ರಿವರ್ಸ್ ಕರೆಯುವುದೇ ಸುರಕ್ಷಿತ.

ಪದವನ್ನು ತಿರುಗಿಸುವುದು ಮಕ್ಕಳ ಆಟವಲ್ಲ. ಸ್ಥಳನಾಮಗಳನ್ನು ಅಭ್ಯಾಸ ಮಾಡುವವರಿಗೆ ಊರಹೆಸರಿನ ಕೊನೆಯ ಭಾಗ ಮೊದಲ ಭಾಗದಷ್ಟೇ ಮುಖ್ಯ. ಪ್ರತಿ ಹೆಸರನ್ನೂ ಅಕ್ಷರಶಃ ತಿರುಗಿಸಿ, ಆ ರೂಪದ ಮೇಲೆ ವಿಂಗಡಿಸಿ, ಮತ್ತೆ ಮೊದಲಿನಂತೆ ಓದಿದರೆ ಒಂದೇ ಬಗೆಯ ಅಂತ್ಯವಿರುವ ಊರುಗಳು ಒಟ್ಟಿಗೆ ಬರುತ್ತವೆ. ಸಾಮಾನ್ಯ ಅಕಾರಾದಿಯಲ್ಲಿ ದೂರದೂರ ಇರುವ ಕೌಜಲಗಿ ಮತ್ತು ಮೂಡಲಗಿ ಈ ಪಟ್ಟಿಯಲ್ಲಿ 'ಗಿಲಜಕೌ', 'ಗಿಲಡಮೂ' ಆಗಿ ನೆರೆಹೊರೆಯವಾಗುತ್ತವೆ. ಬೆಟಗೇರಿ ಮತ್ತು ಹುಕ್ಕೇರಿ 'ರಿ' ಅಡಿಯಲ್ಲಿ ಕೂಡುತ್ತವೆ. ಅಂತ್ಯಪ್ರಾಸದ ಪದಗಳನ್ನು ಕಲೆಹಾಕುವವರಿಗೂ ಇದೇ ಉಪಾಯ. ವಿಂಗಡಣೆ ಮತ್ತು ತಿರುವುಮುರುವು ಎರಡೂ ಕೂಡಿ ಕನ್ನಡಕ್ಕೆ ಇಷ್ಟು ಚೆನ್ನಾಗಿ ದುಡಿಯುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಬೆಳಗಾವಿಯ ಜ್ಞಾನಸಂಗಮದಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಜಾವಾ ಪಾಠದ ವಿಷಯ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲೇ 1996ರಲ್ಲಿ ಶುರುವಾದ ಹಿರಾಶುಗರ್ ತಾಂತ್ರಿಕ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಸುತ್ತಲಿನ ಊರುಗಳ ಹೆಸರುಗಳಿಗಿಂತ ಒಳ್ಳೆಯ ಅಭ್ಯಾಸಪಟ್ಟಿ ಬೇಕಿಲ್ಲ.

ಸರ್ವೆ ನಂಬರು ಮತ್ತು ಉತಾರ

ಹೆಸರುಗಳಿಗಿಂತ ಹೆಚ್ಚು ಜನರನ್ನು ಕಾಡುವುದು ಸಂಖ್ಯೆಗಳಂತೆ ಕಂಡರೂ ಸ್ಟ್ರಿಂಗ್ ಆಗಿ ಉಳಿದ ಗುರುತುಗಳು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೈತರು ಉತಾರ ಎಂದು ಕರೆಯುವ ಪಹಣಿಯಲ್ಲಿ ಜಮೀನಿನ ಗುರುತು ಸರ್ವೆ ನಂಬರು ಮತ್ತು ಅದರ ಹಿಸ್ಸಾ. 9, 10, 12/1, 12/2, 12/10, 105 ಎಂಬ ಹಿಡುವಳಿಗಳನ್ನು ಸ್ಟ್ರಿಂಗ್‌ಗಳಾಗಿ ವಿಂಗಡಿಸಿದರೆ 10, 105, 12/1, 12/10, 12/2, 9 ಎಂದು ಬರುತ್ತದೆ. ಒಂಬತ್ತನೆಯ ನಂಬರು ಕೊನೆಗೆ ಹೋಗುತ್ತದೆ, ಅಣ್ಣತಮ್ಮಂದಿರ ಹಿಸ್ಸೆಗಳು ಹಿಂದುಮುಂದಾಗುತ್ತವೆ. 1969ರಿಂದ ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುತ್ತಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಂಥ ಸಂಸ್ಥೆಗಳ ಗ್ರಾಹಕಸಂಖ್ಯೆಗಳಿಗೂ, ಅಕ್ಷರ ಅಂಕಿ ಬೆರೆತ ಯಾವ ಗುರುತಿಗೂ ಇದೇ ಎಚ್ಚರ ಬೇಕು.

ಪರಿಹಾರ ಒಂದು ಕಂಪ್ಯಾರೇಟರ್: ಗುರುತನ್ನು ಓರೆಗೆರೆಯಲ್ಲಿ ಒಡೆದು, ಮೊದಲ ಭಾಗವನ್ನು ಸಂಖ್ಯೆಯಾಗಿ ಹೋಲಿಸಿ, ಸಮನಾದರೆ ಎರಡನೆಯ ಭಾಗಕ್ಕೆ ಹೋಗುವುದು, ಹಿಸ್ಸಾ ಇಲ್ಲದ ನಂಬರನ್ನು ಹಿಸ್ಸಾ ಇರುವವಕ್ಕಿಂತ ಮುಂದಿಡುವುದು. ಅಂಕಿಗಳನ್ನು ಕನ್ನಡದಲ್ಲೇ ೧೨ ಎಂದು ಬರೆದಿದ್ದರೂ ಅಡ್ಡಿಯಿಲ್ಲ, ಇಂಟಿಜರ್ ವರ್ಗದ ಪಾರ್ಸ್‌ಇಂಟ್ ಕನ್ನಡದ ಅಂಕಿಗಳನ್ನು ಓದಿ 12 ಎಂದೇ ಕೊಡುತ್ತದೆ. ಆದರೆ '12/1ಅ' ಎಂಬಂತೆ ಹಿಸ್ಸೆಯ ಕೊನೆಗೆ ಅಕ್ಷರ ಅಂಟಿದ್ದರೆ ಅದು ತಪ್ಪು ಸಂಖ್ಯೆ ಎಂದು ನಿರಾಕರಿಸುತ್ತದೆ. ಅಲ್ಲಿ ಅಂಕಿಯ ಓಟವನ್ನೂ ಅಕ್ಷರವನ್ನೂ ಬೇರ್ಪಡಿಸಿ, ಅಂಕಿಗೆ ಸಂಖ್ಯೆಯ ಹೋಲಿಕೆ, ಅಕ್ಷರಕ್ಕೆ ಕನ್ನಡದ ಕೊಲೇಟರ್, ಹೀಗೆ ಎರಡನ್ನೂ ದೆನ್‌ಕಂಪೇರಿಂಗ್‌ನಿಂದ ಪೋಣಿಸಬೇಕು.